ಬಂದ ದಾರಿ ಬರೆದಿಲ್ಲ

ಅಲ್ ಗರಾಫಾ
8 ನವೆಂಬರ್ 2024

ರೋಸ್‌ಮೇರಿ ಟೀಚರಿಗೆ ಸಾಲಿಹಾ ಮಾಡುವ ಸಲಾಂ.

ಕಳೆದ ಶುಕ್ರವಾರ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನೀವು ನನ್ನ ಭುಜ ಮುಟ್ಟಿ "ನೀನು ಸಾಲಿಹಾ ಅಲ್ವಾ?" ಎಂದು ಕೇಳಿದಿರಿ. ನಾನು "ಅಲ್ಲ, ಶಾರದಾ" ಎಂದು ಹೇಳಿ ಮಗುವನ್ನು ಎತ್ತಿಕೊಂಡು ಊಟದ ಸಾಲಿನ ಕಡೆಗೆ ಓಡಿದೆ. ಬಂಟ್ವಾಳದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ನನಗೆ ಅಕ್ಷರ ಕಲಿಸಿದವರಿಗೆ ಹಾಗೆ ಹೇಳಿದ್ದು ವಾರವಿಡೀ ಚುಚ್ಚುತ್ತಿದೆ.

ನಾನು ಸಾಲಿಹಾನೇ ಟೀಚರ್. ಇಲ್ಲಿ ಚನ್ನಕೇಶವ ಸರ್ ಮತ್ತು ಹೇಮಲತಾ ಮೇಡಂ ಮನೆಯಲ್ಲಿ ಕೆಲಸಕ್ಕೆ ಇದ್ದೇನೆ. ಅಡುಗೆ, ಬಟ್ಟೆ, ಅವರ ಮಗಳು ಆಶ್ರಿತಾಳನ್ನು ನೋಡಿಕೊಳ್ಳುವುದು. ಗಲ್ಫಿಗೆ ಬಂದು ಎರಡು ವರ್ಷ ಮೂರು ತಿಂಗಳಾಯಿತು. ಅಕ್ಟೋಬರಿನಲ್ಲಿ ಸರ್‌ನ ತಾಯಿ ಮೈಸೂರಿನಿಂದ ಬಂದರು. ಅಜ್ಜಿ ನಮ್ಮವರು ಬೇಯಿಸಿದ್ದನ್ನು ತಿನ್ನುವವರಲ್ಲ. ಅವರು ಬರುವ ಹಿಂದಿನ ದಿನ ಮೇಡಂ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ ಹಣೆಗೆ ಬಿಂದಿ ಅಂಟಿಸಿದರು. "ಅತ್ತೆ ವಾಪಸ್ ಹೋಗೋವರೆಗೂ ನೀನು ಶಾರದಾ ಕಣೇ. ನಾಟಕ ಅನ್ಕೋ" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ನಗು ಬರಲಿಲ್ಲ.

ನನ್ನ ಪಾಸ್‌ಪೋರ್ಟ್ ಮೇಡಂ ಬಳಿ ಇದೆ. ಎರಡು ವರ್ಷಕ್ಕೆ ಊರಿಗೆ ಕಳಿಸುವ ಮಾತಾಗಿತ್ತು. ಈಗ ಅಜ್ಜಿ ಬಂದಿದ್ದಾರಲ್ಲ, ಜನವರಿಯಲ್ಲಿ ಕಳಿಸುತ್ತೇನೆ ಎಂದಿದ್ದಾರೆ. ಗುಟ್ಟು ಹೊರಬಿದ್ದರೆ ಅದೂ ಹೋಗುತ್ತದೆ. ಊರಿನಲ್ಲಿ ನನ್ನ ಮಗಳು ಝುಲೈಖಾ ನನ್ನ ಉಮ್ಮನ ಹತ್ತಿರ ಇದ್ದಾಳೆ. ಜೂನ್‌ನಲ್ಲಿ ಒಂದನೆಯ ತರಗತಿ. ಅವಳನ್ನು ಶಾಲೆಗೆ ನಾನೇ ಕೈಹಿಡಿದು ಕರೆದುಕೊಂಡು ಹೋಗಬೇಕು. ಬೇರೆ ಆಸೆ ಇಲ್ಲ.

ಆದ್ದರಿಂದ ಎಲ್ಲಿ ನೋಡಿದರೂ ನನ್ನನ್ನು ಸಾಲಿಹಾ ಎಂದು ಕರೆಯಬೇಡಿ. ಇಷ್ಟು ಹೇಳಲು ಬರೆದೆ. ನಮ್ಮ ಹಿಂದಿನ ಬೀದಿಯ ಟೈಲರ್ ನೊರ್ಬರ್ಟಣ್ಣನ ಅಂಗಡಿಯಲ್ಲಿ ಬ್ಲೌಸ್ ಕವರಿನ ಮೇಲೆ ನಿಮ್ಮ ಹೆಸರು ಕಂಡಿತ್ತು. ಅದರೊಳಗೆ ಇದನ್ನು ಇಟ್ಟಿದ್ದೇನೆ. "ನಾನೆಂತ ಪೋಸ್ಟ್‌ಮ್ಯಾನಾ ಮಾರಾಯ್ತಿ?" ಎಂದು ಗೊಣಗಿದರು. ಆದರೂ ಪಿನ್ನು ಕೊಟ್ಟರು.

ಸಾಲಿಹಾ


ಅಲ್ ಅಜೀಜಿಯಾ
15 ನವೆಂಬರ್ 2024

ಪ್ರೀತಿಯ ಸಾಲಿಹಾ,

ಕಾಗದದಲ್ಲಾದರೂ ನಿನ್ನನ್ನು ಹೆಸರು ಹಿಡಿದು ಕರೆಯುತ್ತೇನೆ. ನಿನ್ನ ಅಕ್ಷರ ನೋಡಿ ಎಷ್ಟು ಸಂತೋಷವಾಯಿತು ಗೊತ್ತಾ? ತರಗತಿಯಲ್ಲಿ ಪ್ರಶ್ನೆ ಕೇಳಿದರೆ ನೆಲ ನೋಡುತ್ತಿದ್ದ ಹುಡುಗಿ ನೀನು, ಸ್ಲೇಟಿನಲ್ಲಿ ಮಾತ್ರ ಎಲ್ಲವನ್ನೂ ಬರೆಯುತ್ತಿದ್ದೆ.

ನಾನು ಇಲ್ಲಿಯ ಒಂದು ಇಂಡಿಯನ್ ಸ್ಕೂಲಿನಲ್ಲಿ ಹನ್ನೊಂದನೆಯ ತರಗತಿಗೆ ಇತಿಹಾಸ ಕಲಿಸುತ್ತೇನೆ. ಈ ಟರ್ಮ್‌ನಲ್ಲಿ ಅಮೆರಿಕದ ಗುಲಾಮಗಿರಿ. ಪುಸ್ತಕದಲ್ಲಿ ಹಡಗಿದೆ, ಹತ್ತಿಯಿದೆ, ಯುದ್ಧವಿದೆ, ಇಸವಿಗಳಿವೆ. ಜನರೇ ಇಲ್ಲ. ಹಾಗಾಗಿ ಗುಲಾಮರಾಗಿದ್ದವರು ತಮ್ಮ ಬದುಕಿನ ಬಗ್ಗೆ ತಾವೇ ಬರೆದದ್ದನ್ನು ತಂದು ಓದಿಸುತ್ತಿದ್ದೇನೆ. ಮೊದಲ ದಿನ "ಮಿಸ್, ಇದು ಎಕ್ಸಾಮಿಗೆ ಬರತ್ತಾ?" ಎಂದು ಕೇಳಿದರು. ತಾನು ಹುಟ್ಟಿದ ದಿನವೇ ಗೊತ್ತಿಲ್ಲ ಎಂದು ಒಬ್ಬ ಬರೆದದ್ದನ್ನು ಓದಿದ ಮೇಲೆ ಯಾರೂ ಎಕ್ಸಾಮಿನ ಮಾತು ಎತ್ತಲಿಲ್ಲ. ಕೊಂಡುಕೊಂಡ ಯಜಮಾನ ಮೊದಲು ಮಾಡುತ್ತಿದ್ದ ಕೆಲಸ ಹೆಸರು ಬದಲಾಯಿಸುವುದು. ಅದನ್ನು ಓದುವಾಗ ನನಗೆ ನೀನು ನೆನಪಾದೆ.

ನಿನ್ನ ದಿನಗಳು ಹೇಗಿವೆ, ಬರೆ. ಏನನ್ನೂ ಬಿಡದೆ ಬರೆ.

ನಿನ್ನ
ರೋಸ್‌ಮೇರಿ ಟೀಚರ್


ಅಲ್ ಗರಾಫಾ
29 ನವೆಂಬರ್ 2024

ಟೀಚರ್,

ನಿಮ್ಮ ಕಾಗದ ಮೇಡಂನ ಸೀರೆಯ ಫಾಲ್‌ನೊಳಗೆ ಬಂತು. ಓದಿ ಸ್ವಲ್ಪ ಕೋಪ ಬಂತು. ಕ್ಷಮಿಸಿ.

ನಾನು ಗುಲಾಮಳಲ್ಲ. ನನ್ನನ್ನು ಯಾರೂ ಮಾರಲಿಲ್ಲ, ಕೊಳ್ಳಲಿಲ್ಲ. ಝುಲೈಖಾಳ ಬಾಪ ತೀರಿಕೊಂಡ ಮೇಲೆ ನಾನೇ ಕಾಗದಕ್ಕೆ ಸಹಿ ಹಾಕಿ ಬಂದೆ. ಸಂಬಳ ಒಂದು ತಿಂಗಳೂ ತಪ್ಪಿಲ್ಲ. ಯಾರೂ ಕೈ ಎತ್ತಿಲ್ಲ. ನನಗೆ ಜ್ವರ ಬಂದಾಗ ಮೇಡಂ ಗಂಜಿ ಮಾಡಿ ಕೊಟ್ಟರು. ಪೆಟ್ಟು ತಿಂದವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಿದರೆ ಅವರಿಗೂ ಅನ್ಯಾಯ, ನನಗೂ ನಾಚಿಕೆ.

ಆದರೆ ಹೆಸರಿನ ವಿಷಯ ಬರೆದ ಸಾಲನ್ನು ಮೂರು ಸಲ ಓದಿದೆ. ಹುಟ್ಟಿದ ದಿನದ್ದನ್ನೂ ಓದಿದೆ. ನನ್ನದೂ ಯಾರಿಗೂ ಗೊತ್ತಿಲ್ಲವಲ್ಲ. ಶಾಲೆಗೆ ಸೇರಿಸುವಾಗ ನಮ್ಮ ಹೆಡ್‌ಮಾಸ್ಟರು ಜೂನ್ ಒಂದು ಎಂದು ಬರೆದರು. ನಮ್ಮ ತರಗತಿಯಲ್ಲಿ ಹದಿನಾಲ್ಕು ಮಂದಿ ಜೂನ್ ಒಂದಕ್ಕೆ ಹುಟ್ಟಿದವರಿದ್ದೆವು.

ನೀವು ಕೇಳಿದ್ದಕ್ಕೆ ದಿನದ ವಿಷಯ ಬರೆಯುತ್ತೇನೆ. ನಾನು ಮಲಗುವುದು ಇಸ್ತ್ರಿ ಕೋಣೆಯಲ್ಲಿ. ಮೇಲೆ ಸರ್‌ನ ಅಂಗಿಗಳು ತೂಗುತ್ತಿರುತ್ತವೆ. ಬೆಳಿಗ್ಗೆ ಮೊದಲು ನಮಾಜು. ಬಾಗಿಲಿಗೆ ಬೆನ್ನು ಕೊಟ್ಟು ಮಾಡುವ ಹಾಗಿಲ್ಲ, ನಮಾಜಿಗೆ ಮುಖ ಮಾಡಬೇಕಾದ ಕಿಬ್ಲಾ ದಿಕ್ಕು ಬೇರೆ ಕಡೆ. ಯಾರಾದರೂ ಬಂದರೆ ಗೊತ್ತಾಗಲೆಂದು ಬಾಗಿಲಿಗೆ ಇಸ್ತ್ರಿ ಮೇಜು ಒತ್ತಿ ಇಡುತ್ತೇನೆ. ಆಮೇಲೆ ಗೋಡೆಗೆ ಅಂಟಿಸಿದ್ದ ಬಿಂದಿ ತೆಗೆದು ಹಣೆಗೆ ಹಚ್ಚಿಕೊಂಡು ಅಡುಗೆಮನೆಗೆ ಹೋಗುತ್ತೇನೆ. "ಶಾರದಾ, ಕಾಫಿ" ಎಂದು ಅಜ್ಜಿ ಕೂಗುತ್ತಾರೆ. ಮೊದಲೆಲ್ಲ ಎರಡು ಸಲ ಕೂಗಬೇಕಿತ್ತು. ಈಗ ಒಂದೇ ಸಲಕ್ಕೆ ತಿರುಗುತ್ತೇನೆ. ನನಗೆ ಹೆದರಿಕೆ ಆಗುವುದು ಅದೇ.

ಶುಕ್ರವಾರ ಮೇಡಂನ ಫೋನಿನಲ್ಲಿ ಊರಿಗೆ ವಿಡಿಯೋ ಕಾಲ್, ಹಾಲ್‌ನಲ್ಲಿ ಎಲ್ಲರ ಎದುರಿಗೆ. ಹೋದ ವಾರ ಅಜ್ಜಿ ಸ್ನಾನಕ್ಕೆ ಹೋದಾಗ ಮಾಡಿಸಿದರು. ಝುಲೈಖಾ ಕೇಳಿದಳು, "ಉಮ್ಮಾ, ನಿನ್ನ ಹಣೆಯಲ್ಲಿ ಅದೆಂತ?" ಮೇಡಂ ನನ್ನ ಮುಖ ನೋಡಿದರು. ಗಾಯ ಎಂದೆ. "ನೋವುಂಟಾ?" ಎಂದಳು. ಇಲ್ಲ ಎಂದೆ.

ಸಾಲಿಹಾ


ಅಲ್ ಅಜೀಜಿಯಾ
7 ಡಿಸೆಂಬರ್ 2024

ಪ್ರೀತಿಯ ಸಾಲಿಹಾ,

ನೀನು ಹೇಳಿದ್ದು ಸರಿ. ಎರಡನ್ನೂ ಒಂದೇ ಎನ್ನಬಾರದು. ಆದರೆ ನಿನ್ನ ಕಾಗದ ಓದಿ ನಾನು ಆ ದಿನ ಊಟ ಮಾಡಲಿಲ್ಲ. ಪಾಸ್‌ಪೋರ್ಟ್ ಇಟ್ಟುಕೊಳ್ಳಲು ಅವರಿಗೆ ಹಕ್ಕಿಲ್ಲ. ಇಲ್ಲಿಯ ಕಾನೂನೇ ಹಾಗೆ ಹೇಳುತ್ತದೆ. ಎಂಬಸಿಗೆ ಹೋಗೋಣ, ನಾನು ಬರುತ್ತೇನೆ.

ಮಕ್ಕಳಿಗೆ ಈ ವಾರ ಎರಡು ಸಂಗತಿ ಹೇಳಿದೆ, ನಿನಗೂ ಹೇಳುತ್ತೇನೆ. ಒಂದು, ಆ ಬರಹಗಳ ಮುಂದೆ ಸಾಮಾನ್ಯವಾಗಿ ದೊಡ್ಡ ಮನುಷ್ಯರ ಕಾಗದ ಇರುತ್ತಿತ್ತು. "ಇವರು ಹೇಳುವುದು ನಿಜ, ನಾನು ಬಲ್ಲೆ" ಎಂದು. ಗುಲಾಮ ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಪಕ್ಕದಲ್ಲಿ ಒಬ್ಬ ಮರ್ಯಾದಸ್ಥ ನಿಲ್ಲಬೇಕಿತ್ತು. ಇನ್ನೊಂದು, ಎಲ್ಲವನ್ನೂ ಬಿಡಿಸಿ ಹೇಳಿದವರೂ ತಪ್ಪಿಸಿಕೊಂಡ ದಾರಿಯ ಹತ್ತಿರ ಬಂದಾಗ ಎಷ್ಟೋ ಸಲ ಸುಮ್ಮನಾಗಿಬಿಡುತ್ತಿದ್ದರು. ಯಾರು ಬಾಗಿಲು ತೆರೆದರು, ಯಾರು ದೋಣಿ ಕೊಟ್ಟರು, ಬರೆಯುತ್ತಿರಲಿಲ್ಲ. ಬರೆದರೆ ಸಹಾಯ ಮಾಡಿದವರಿಗೆ ಶಿಕ್ಷೆ, ಹಿಂದೆ ಉಳಿದವರಿಗೆ ದಾರಿ ಬಂದ್. "ಹಾಗಾದ್ರೆ ಕಥೆ ಇನ್‌ಕಂಪ್ಲೀಟ್ ಅಲ್ವಾ ಮಿಸ್?" ಎಂದಳು ಸಂಜನಾ ಎಂಬ ಹುಡುಗಿ. ಬಿಟ್ಟ ಜಾಗವನ್ನೂ ಓದಲು ಕಲಿ ಎಂದೆ.

ಇನ್ನಷ್ಟು ಬರೆ. ನಿನ್ನ ಕಾಗದಗಳು ನನಗೆ ಬಹಳ ಉಪಯೋಗವಾಗುತ್ತಿವೆ.

ರೋಸ್‌ಮೇರಿ ಟೀಚರ್


ಅಲ್ ಗರಾಫಾ
20 ಡಿಸೆಂಬರ್ 2024

ಟೀಚರ್,

ಎಂಬಸಿ ಬೇಡ. ಜಗಳ ಮಾಡಿ ಹೋದರೆ ಅಜ್ಜಿಗೆ ಎಲ್ಲ ತಿಳಿಯುತ್ತದೆ. ಸುಳ್ಳು ಹೇಳಿದವಳು ನಾನೂ ಹೌದು. ಜನವರಿ ಇಪ್ಪತ್ತೈದಕ್ಕೆ ಟಿಕೆಟ್ ನೋಡುತ್ತಿದ್ದೇವೆ ಎಂದು ಸರ್ ಮೊನ್ನೆ ಹೇಳಿದರು. ಇನ್ನು ಮೂವತ್ತಾರು ದಿನ. ಅಷ್ಟು ದಿನ ಉಸಿರು ಹಿಡಿದರೆ ಸಾಕು.

ಪಾಸ್‌ಪೋರ್ಟ್ ಎಲ್ಲಿದೆ ಎಂದು ನನಗೆ ಗೊತ್ತು. ಮೇಡಂನ ಕಪಾಟಿನಲ್ಲಿ ಒಂದು ನೀಲಿ ಪೌಚಿನಲ್ಲಿ ಎಲ್ಲರದ್ದೂ ಒಟ್ಟಿಗೆ ಇವೆ. ಅಜ್ಜಿಗೆ ತಮ್ಮ ಪಾಸ್‌ಪೋರ್ಟ್ ಕಳೆದುಹೋದರೆ ಈ ಮರಳುಗಾಡಿನಲ್ಲೇ ಸಾಯಬೇಕಾಗುತ್ತದೆ ಎಂಬ ಭಯ. ಪ್ರತಿ ಶನಿವಾರ ಪೂಜೆ ಮುಗಿಸಿ ಕಪಾಟು ತೆಗೆಸುತ್ತಾರೆ. "ಹೇಮಾ, ನಂದು ಇದೆಯೇನಮ್ಮ ನೋಡು." ಮೇಡಂ ಪೌಚನ್ನೇ ಅವರ ಮಡಿಲಿಗೆ ಹಾಕಿ ಫೋನ್ ನೋಡುತ್ತಾ ಕೂರುತ್ತಾರೆ. ಅಜ್ಜಿ ಕನ್ನಡಕ ಹಾಕಿಕೊಂಡು ಒಂದೊಂದಾಗಿ ತೆಗೆದು ಫೋಟೋ ನೋಡಿ ಮತ್ತೆ ಇಡುತ್ತಾರೆ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಅದೊಂದು ನನ್ನ ಪುಣ್ಯ.

ಅಜ್ಜಿ ಒಳ್ಳೆಯವರು. ಅದೇ ಕಷ್ಟ. ನಿನ್ನೆ ನಾನು ಹುಳಿ ಕುದಿಸುತ್ತಿದ್ದಾಗ ಹಿಂದೆ ಬಂದು ನಿಂತಿದ್ದರು. ನನ್ನ ತುಟಿ ಅಲುಗುತ್ತಿತ್ತು. "ಏನಮ್ಮ ಶಾರದಾ, ಯಾವ ಸ್ತೋತ್ರ ಅದು?" ಎಂದು ಕೇಳಿದರು. ನನ್ನ ಕೈಯಿಂದ ಸೌಟು ಬಿತ್ತು. "ನಮ್ಮ ಊರಿಂದು" ಎಂದೆ. "ಜೋರಾಗಿ ಹೇಳು, ಕಲೀತೀನಿ" ಎಂದರು. ಮರೆತುಹೋಯಿತು ಎಂದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿದರು.

ಉಪಯೋಗವಾಗುತ್ತಿದೆ ಎಂದು ಬರೆದಿದ್ದೀರಿ. ಯಾವುದಕ್ಕೆ? ನನ್ನ ಕಾಗದಗಳನ್ನು ಓದಿ ಹರಿದುಬಿಡಿ.

ಸಾಲಿಹಾ


ಅಲ್ ಅಜೀಜಿಯಾ
10 ಜನವರಿ 2025

ಪ್ರೀತಿಯ ಸಾಲಿಹಾ,

ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗಿದ್ದೆ. ಹಾಗಾಗಿ ತಡ.

ನಿನಗೆ ಒಂದು ಸಂತೋಷದ ಸುದ್ದಿ. ಮೊನ್ನೆ ತರಗತಿಯಲ್ಲಿ ನಿನ್ನ ನವೆಂಬರಿನ ಕಾಗದವನ್ನು ಇಂಗ್ಲಿಷಿಗೆ ತಿರುಗಿಸಿ ಓದಿದೆ. ನಿನ್ನ ಹೆಸರು, ಊರು, ಮನೆ ಯಾವುದನ್ನೂ ಹೇಳಲಿಲ್ಲ. ಬಿಂದಿ, ಇಸ್ತ್ರಿ ಮೇಜು, ಅಜ್ಜಿಗೆ ಹೇಳುವ ಹೊಸ ಹೆಸರು, "ನೋವುಂಟಾ" ಎಂದು ಕೇಳಿದ ಮಗಳು. ಇಷ್ಟೇ. "ಇದು ಯಾವ ಇಸವಿಯದು?" ಎಂದು ಕೇಳಿದೆ. 1840, 1850 ಎಂದರು. ಇದು ಈ ಊರಿನದು, ನಿಮ್ಮಂಥ ಮನೆಯದು ಎಂದೆ. ಮೂವತ್ತು ಮಕ್ಕಳು ಉಸಿರೆತ್ತಲಿಲ್ಲ ಸಾಲಿಹಾ! ಹತ್ತೊಂಬತ್ತು ವರ್ಷ ಪಾಠ ಮಾಡಿದ್ದೇನೆ, ಅಂಥ ಮೌನ ಕೇಳಿಲ್ಲ. ಸಂಜನಾ ಮಾತ್ರ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು.

ಒಂದು ಸಣ್ಣ ಮುನ್ನುಡಿಯನ್ನೂ ನಾನೇ ಬರೆದು ಓದಿದೆ. ಈಕೆಯನ್ನು ನಾನು ಬಲ್ಲೆ, ಇದು ನಿಜ ಎಂದು.

ಇಪ್ಪತ್ತೈದಕ್ಕೆ ಹೊರಡುವ ಮುಂಚೆ ಒಂದು ಸಲ ನಿನ್ನನ್ನು ನೋಡಬೇಕು.

ರೋಸ್‌ಮೇರಿ ಟೀಚರ್


ಅಲ್ ಅಜೀಜಿಯಾ
17 ಜನವರಿ 2025

ಸಾಲಿಹಾ, ಉತ್ತರ ಬರಲಿಲ್ಲ. ಅಂಗಡಿಗೆ ಹೋಗಿದ್ದೆ, ನೀನು ಒಂದು ವಾರದಿಂದ ಬಂದಿಲ್ಲವಂತೆ. ಹುಷಾರಾಗಿದ್ದೀಯಾ? ಒಂದು ಸಾಲು ಬರೆ.


ಅಲ್ ಅಜೀಜಿಯಾ
24 ಜನವರಿ 2025

ಸಾಲಿಹಾ, ಹಿಂದಿನ ಎರಡೂ ಕಾಗದ ನೊರ್ಬರ್ಟ್ ಅಂಗಡಿಯ ಡ್ರಾಯರಿನಲ್ಲೇ ಇವೆ. "ಆ ಮನೆಯ ಬಟ್ಟೆ ಈಗ ಬೇರೆ ಟೈಲರಿಗೆ ಹೋಗ್ತದೆ ಟೀಚರ್. ಎಂತ ಆಯ್ತೋ ನಂಗೆ ಗೊತ್ತಿಲ್ಲ" ಎಂದರು. ನಾಳೆ ಇಪ್ಪತ್ತೈದು. ನೀನು ಹೊರಡುತ್ತಿದ್ದೀಯಾ? ಇದನ್ನು ಬರೆದು ಎಲ್ಲಿಡಬೇಕೆಂದು ನನಗೆ ತಿಳಿಯುತ್ತಿಲ್ಲ.


ಅಲ್ ಗರಾಫಾ
27 ಜನವರಿ 2025

ಟೀಚರ್,

ನಾನು ಹೊರಡಲಿಲ್ಲ. ನಿಮ್ಮ ಮೂರು ಕಾಗದವೂ ಒಟ್ಟಿಗೆ ಸಿಕ್ಕಿದವು. ಹೇಗೆ ಸಿಕ್ಕಿದವು, ಇದು ನಿಮ್ಮ ಕೈಗೆ ಹೇಗೆ ಬಂತು ಎಂದು ಕೇಳಬೇಡಿ.

ಸಂಜನಾ ಮೇಡಂನ ಗೆಳತಿಯ ಮಗಳು. ಬಿಂದಿಯ ವಿಷಯವನ್ನು ಮೇಡಂ ತಮಾಷೆಗೆ ಗೆಳತಿಯರಿಗೆಲ್ಲ ಹೇಳಿದ್ದರು. ಹುಡುಗಿ ಮನೆಗೆ ಹೋಗಿ ಪಾಠದಲ್ಲಿ ಕೇಳಿದ್ದನ್ನು ತಾಯಿಗೆ ಹೇಳಿದಳು. ತಾಯಿ ಆಗಲೇ ಫೋನ್ ಮಾಡಿದರು. ನನ್ನ ಹೆಸರು ಮುಚ್ಚಿಟ್ಟೆ ಎಂದು ಬರೆದಿದ್ದೀರಿ. ನನ್ನ ಹೆಸರು ಇಲ್ಲಿ ಯಾರಿಗೆ ಗೊತ್ತಿದೆ ಟೀಚರ್? ಹಣೆಯ ಮೇಲಿನದ್ದನ್ನೇ ನೀವು ಓದಿಬಿಟ್ಟಿರಿ.

ಮೇಡಂ ಅಡುಗೆಮನೆಗೆ ಬಂದರು. ಬಯ್ಯುತ್ತಾರೆ ಎಂದುಕೊಂಡೆ. ಅವರು ಅಳುತ್ತಿದ್ದರು. "ಏನೇ, ನಾವು ನಿನ್ನ ಸ್ಲೇವ್ ಥರ ಇಟ್ಕೊಂಡಿದೀವಾ? ಒಂದು ಏಟು ಹೊಡೆದಿದೀನಾ?"

"ಇಲ್ಲ ಮೇಡಂ."

"ಮತ್ತೆ ಸ್ಕೂಲಲ್ಲಿ ಓದೋ ಹಾಗೆ ಏನು ಬರೆದೆ? ಇನ್ನು ಈ ಊರಲ್ಲಿ ಹೇಗೆ ಮುಖ ತೋರಿಸಲಿ ನಾನು?"

ಅಜ್ಜಿ ಬಾಗಿಲಲ್ಲಿ ನಿಂತಿದ್ದರು. "ಏನು ಬರೆದಳು ಶಾರದಾ?" ಎಂದರು. ಹಾಲ್‌ನಲ್ಲಿ ಸರ್ ಟಿವಿಯ ಸದ್ದು ಹೆಚ್ಚು ಮಾಡಿದರು. "ಇವಳು ಶಾರದಾ ಅಲ್ಲ ಅತ್ತೆ" ಎಂದು ಮೇಡಂ ಕೂಗಿದರು. "ಸಾಬರವಳು. ಸಾಕಾ?" ನನ್ನ ಹೆಸರು ನನ್ನ ಬಾಯಿಯ ತನಕ ಬಂತು. ಹೊರಗೆ ಬರಲಿಲ್ಲ. ತರಗತಿಯಲ್ಲಿ ಆಗುತ್ತಿತ್ತಲ್ಲ, ಹಾಗೆ ನೆಲ ನೋಡಿದೆ.

ಅಜ್ಜಿ ಮೂರು ದಿನ ಬಾಳೆಹಣ್ಣು, ಹಾಲು ಬಿಟ್ಟು ಬೇರೆ ಏನೂ ಮುಟ್ಟಲಿಲ್ಲ. ತಮ್ಮ ಲೋಟವನ್ನು ತಾವೇ ತೊಳೆದುಕೊಂಡರು. ಈಗ ತಾವೇ ಅನ್ನ ಬೇಯಿಸಿಕೊಳ್ಳುತ್ತಾರೆ. ನನ್ನ ಕಡೆ ನೋಡುವುದಿಲ್ಲ. ಅವರ ಹೊಟ್ಟೆಗೆ ಮೂರು ತಿಂಗಳು ನಾನು ಸುಳ್ಳು ಬಡಿಸಿದೆ. ಬಿಂದಿ ತೆಗೆದೆ. ಆದರೂ ಹಣೆಯಲ್ಲಿ ಏನೋ ಇದೆ ಎಂದು ಕೈ ಹೋಗುತ್ತದೆ.

ಟಿಕೆಟ್ ಇಲ್ಲ. "ಇನ್ನು ಲೀವು ಗೀವು ಅಂದ್ರೆ ನೋಡು" ಎಂದಿದ್ದಾರೆ. ಶುಕ್ರವಾರದ ಫೋನೂ ಇಲ್ಲ. ಕಪಾಟಿನ ಕೀ ಮೇಡಂನ ಬ್ಯಾಗಿಗೆ ಹೋಯಿತು.

ಮೂರು ತಿಂಗಳು ಉಸಿರು ಹಿಡಿದಿದ್ದೆ. ನಿಮಗೆ ಒಂದು ಮೌನ ಬೇಕಿತ್ತು. ಸಿಕ್ಕಿತು. ಅದು ಯಾರದು ಎಂದು ನೀವು ನನ್ನನ್ನು ಕೇಳಲಿಲ್ಲ.

ಸಾಲಿಹಾ


ಅಲ್ ಅಜೀಜಿಯಾ
29 ಜನವರಿ 2025

ಸಾಲಿಹಾ,

ನಾಲ್ಕು ಸಲ ಬರೆದು ಹರಿದೆ. ತಪ್ಪಾಯಿತು ಎನ್ನುವುದನ್ನು ಬಿಟ್ಟು ಬೇರೆ ಸಾಲು ಹೊಳೆಯುತ್ತಿಲ್ಲ.

ನಿನ್ನ ಪಕ್ಕ ನಿಂತು ಸಾಕ್ಷಿ ಹೇಳಿದೆ ಎಂದುಕೊಂಡಿದ್ದೆ. ನಿನ್ನ ಮುಂದೆ ನಿಂತಿದ್ದೆ ಎಂದು ಈಗ ತಿಳಿಯುತ್ತಿದೆ. ಪ್ರಿನ್ಸಿಪಾಲ್ ಕರೆದಿದ್ದರು. ಪೇರೆಂಟ್ಸ್ ದೂರು ಕೊಟ್ಟಿದ್ದಾರೆ, ಪಾಠ ನಿಲ್ಲಿಸಬೇಕು, ಕಾಗದ ಬರೆದವರು ಯಾರು ಎಂದು ಬರಹದಲ್ಲಿ ಕೊಡಬೇಕು ಎಂದರು. ಪಾಠ ನಿಲ್ಲಿಸಿದೆ. ಹೆಸರು ಕೊಡಲಿಲ್ಲ. ಏಪ್ರಿಲಿನಲ್ಲಿ ನನ್ನನ್ನು ಇಟ್ಟುಕೊಳ್ಳುವುದು ಅನುಮಾನ. ನನ್ನ ತಪ್ಪು ತೀರಿತೆಂದು ಇದನ್ನು ಹೇಳುತ್ತಿಲ್ಲ.

ನಾನೀಗಲೇ ನಿಮ್ಮ ಗೇಟಿಗೆ ಬಂದು ಬೆಲ್ ಒತ್ತಬಲ್ಲೆ. ಎಂಬಸಿಗೆ ನನ್ನ ಹೆಸರಿನಲ್ಲಿ ಬರೆಯಬಲ್ಲೆ. ಟಿಕೆಟ್ ತೆಗೆಯಬಲ್ಲೆ. ಈ ಸಲ ಕೇಳುತ್ತಿದ್ದೇನೆ. ಏನು ಮಾಡಲಿ, ಏನು ಮಾಡಬಾರದು, ನೀನು ಹೇಳು. ನೀನು ಹೇಳುವವರೆಗೆ ಕೈ ಕಟ್ಟಿ ಕೂರುತ್ತೇನೆ.

ರೋಸ್‌ಮೇರಿ


ಬಂಟ್ವಾಳ
4 ಮಾರ್ಚ್ 2025

ರೋಸ್‌ಮೇರಿ ಟೀಚರಿಗೆ,

ಇದು ಅಂಚೆಯಲ್ಲಿ ಬರುತ್ತದೆ. ಕವರಿನ ಹಿಂದೆ ನನ್ನ ಪೂರ್ತಿ ಹೆಸರು, ವಿಳಾಸ ಬರೆದಿದ್ದೇನೆ. ಇಂದು ಇಲ್ಲಿ ರಂಜಾನಿನ ಮೂರನೆಯ ಉಪವಾಸ. ಝುಲೈಖಾ ತಾನೂ ಹಿಡಿಯುತ್ತೇನೆ ಎಂದು ಹಟ ಮಾಡಿ ಹತ್ತು ಗಂಟೆಗೆ ದೋಸೆ ತಿಂದಳು. ಬಂದ ದಿನ ನನ್ನ ಹಣೆಯನ್ನು ಬೆರಳಿನಿಂದ ಉಜ್ಜಿ ನೋಡಿ, "ಗಾಯ ಹೋಯ್ತು" ಎಂದು ನನ್ನ ಉಮ್ಮನಿಗೆ ಹೇಳಿದಳು.

ನೀವು ಏನು ಮಾಡಲಿ ಎಂದು ಕೇಳಿದ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ನೀವು ಗೇಟಿಗೆ ಬರಲಿಲ್ಲ. ಕೈ ಕಟ್ಟಿ ಕೂತಿದ್ದಿರಿ. ಅದು ನನಗೆ ಎಷ್ಟು ಸಹಾಯವಾಯಿತು ಎಂದು ನಿಮಗೆ ಗೊತ್ತಿಲ್ಲ.

ಅಜ್ಜಿಯ ಬಗ್ಗೆ ನಾನು ತಪ್ಪು ಬರೆದಿದ್ದೆ. ಅದನ್ನು ಸರಿ ಮಾಡಬೇಕು. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅವರು ಇಸ್ತ್ರಿ ಕೋಣೆಗೆ ಬಂದರು. ಬಾಗಿಲು ತಳ್ಳಿದಾಗ ಮೇಜು ಕಿರುಗುಟ್ಟಿತು. ನಾನು ನಮಾಜಿನಲ್ಲಿದ್ದೆ. ಅವರು ಒಳಗೆ ಬರಲಿಲ್ಲ, ವಾಪಸ್ ಹೋಗಲೂ ಇಲ್ಲ. ಮುಗಿಯುವವರೆಗೆ ಹೊರಗೆ ನಿಂತಿದ್ದರು.

"ಇದೇನಾ ನಿಮ್ಮ ಊರಿನ ಸ್ತೋತ್ರ?" ಎಂದರು.

ನಾನು ಕ್ಷಮಿಸಿ ಎಂದೆ.

"ಶಾರದಾ ಅನ್ನೋದು ನಮ್ಮಮ್ಮನ ಹೆಸರು. ಸುಳ್ಳು ಹೇಳೋಕೆ ಬೇರೆ ಹೆಸರು ಸಿಗಲಿಲ್ವಂತೆ ನನ್ನ ಸೊಸೆಗೆ" ಎಂದರು. "ಅದಕ್ಕೇ ಮೂರು ದಿನ ಊಟ ಸೇರಲಿಲ್ಲ. ನಿನ್ನ ಕೈಯಡುಗೆ ಅಂತಾನೂ ಸೇರಲಿಲ್ಲ, ಯಾಕೆ ಸುಳ್ಳು ಹೇಳಲಿ. ಆಮೇಲೆ ಯೋಚನೆ ಮಾಡಿದೆ. ಮೂರು ತಿಂಗಳು ಹಾಕಿಸ್ಕೊಂಡು ತಿಂದೆನಲ್ಲ, ಏನಾಯ್ತು ನಂಗೆ? ತೂಕ ಹೆಚ್ಚಾಯ್ತು ಅಷ್ಟೇ." ಆಮೇಲೆ ಕೇಳಿದರು, "ನಿನ್ನ ಹೆಸರೇನಮ್ಮ?"

ಹೇಳಿದೆ. ಅವರಿಗೆ ಮೊದಲ ಸಲ ಸರಿಯಾಗಿ ಬರಲಿಲ್ಲ. ಎರಡನೆಯ ಸಲ ಬಂತು. ಆ ಮಧ್ಯಾಹ್ನ ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಬಂದು, ಮೇಡಂ ನೋಡುತ್ತಿರುವಾಗಲೇ, "ಸಾಲಿಹಾ, ಹುಳಿ ಹಾಕು" ಎಂದರು.

ಅದಾದ ಮೇಲೆ ಒಂದು ಶನಿವಾರ ಬಂತು. ಆ ಶನಿವಾರದ ಬಗ್ಗೆ ನಾನು ಬರೆಯುವುದಿಲ್ಲ. ನಿಮಗೂ ಬರೆಯುವುದಿಲ್ಲ. ನಾನು ಯಾರದ್ದನ್ನೂ ಕದ್ದಿಲ್ಲ, ನನ್ನದನ್ನು ಮಾತ್ರ ತಂದೆ. ಹಗಲಿನಲ್ಲಿ, ಮುಂದಿನ ಬಾಗಿಲಿನಿಂದ ಹೊರಟೆ. ಟಿಕೆಟಿಗೆ ನಿಮ್ಮನ್ನು ಕೇಳಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಅಜ್ಜಿ ಇನ್ನೂ ಆ ಮನೆಯಲ್ಲೇ ಇದ್ದಾರೆ, ಏಪ್ರಿಲ್ ತನಕ. ಸಿಕ್ಕಿದರೆ ನನ್ನ ಸುದ್ದಿ ಎತ್ತಬೇಡಿ.

ಇದರ ಜೊತೆ ಇನ್ನೊಂದು ಹಾಳೆ ಇದೆ. ಅದು ಮಕ್ಕಳಿಗೆ. ಅಜ್ಜಿ ಮೈಸೂರಿಗೆ ಹೋದ ಮೇಲೆ ಓದಲು ನಿಮಗೆ ಜಾಗ ಸಿಕ್ಕಿದರೆ ಅದನ್ನು ಓದಿ, ಇದನ್ನಲ್ಲ. ಮುನ್ನುಡಿ ಬೇಡ.

ಸಾಲಿಹಾ


(ಇನ್ನೊಂದು ಹಾಳೆ)

ಮಕ್ಕಳೇ,

ನನ್ನ ಹೆಸರು ಸಾಲಿಹಾ. ಏಳನೆಯವರೆಗೆ ಓದಿದ್ದೇನೆ. ನೀವು ಜನವರಿಯಲ್ಲಿ ಕೇಳಿದ ಕಾಗದ ನನ್ನದು. ಆಗ ನನ್ನನ್ನು ಕೇಳದೆ ಓದಿದರು, ಈಗ ನಾನೇ ಕೊಡುತ್ತಿದ್ದೇನೆ.

ನೀವು ಪಾಠದಲ್ಲಿ ಓದಿದವರ ಕಷ್ಟ ಬೇರೆ, ನನ್ನದು ಬೇರೆ. ಅವರದ್ದು ಬೆಟ್ಟದಷ್ಟು. ಆದರೆ ಹೆಸರು ತೆಗೆದು ಬೇರೆ ಹೆಸರು ಇಟ್ಟರೆ ಹೇಗಾಗುತ್ತದೆ ಎಂದು ಅವರು ಬರೆದದ್ದು ನನಗೆ ಚೆನ್ನಾಗಿ ಅರ್ಥವಾಯಿತು. ನಿಮ್ಮ ಮನೆಯಲ್ಲಿ ಕೆಲಸ ಮಾಡುವವರ ನಿಜವಾದ ಹೆಸರೇನು ಎಂದು ಇವತ್ತು ಕೇಳಿ ನೋಡಿ. ಕೇಳಿ ಸುಮ್ಮನಿರಿ, ನೋಟ್‌ಬುಕ್ಕಿನಲ್ಲಿ ಬರೆಯಬೇಡಿ.

ಸಂಜನಾ, ನೀನು ಮನೆಯಲ್ಲಿ ಹೇಳಿದ್ದಕ್ಕೆ ನನಗೆ ಕೋಪ ಇಲ್ಲ. ಕೇಳಿದ್ದನ್ನು ಅಮ್ಮನಿಗೆ ಹೇಳದೆ ಮತ್ತೆ ಯಾರಿಗೆ ಹೇಳುತ್ತಾರೆ? ನೀನು ಟೀಚರಿಗೆ ಒಂದು ಪ್ರಶ್ನೆ ಕೇಳಿದ್ದೆಯಂತೆ, ಕಥೆ ಪೂರ್ತಿಯಾಗಲಿಲ್ಲವಲ್ಲ ಎಂದು. ನನ್ನದೂ ಹಾಗೆಯೇ. ನಾನು ಮನೆಗೆ ಬಂದೆ, ಮಗಳ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಬಂದ ದಾರಿ ಬರೆದಿಲ್ಲ. ಆ ಖಾಲಿ ಜಾಗದಲ್ಲಿ ಒಬ್ಬರು ನಿಂತಿದ್ದಾರೆ. ಅವರು ಅಲ್ಲೇ ಇರಲಿ, ಯಾರೆಂದು ಹುಡುಕಬೇಡಿ.